ಪುಸ್ತಕ ಹಿಡಿದು ರಷ್ಯನ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಡಗಿನ ಕೆಲಸಕ್ಕೆ ಹೋಗುವ ಬೇಕಲ, ಉದುಮದ ಹುಡುಗರು, ಮೆಡಿಸಿನ್ ಓದಲು ರಷ್ಯಕ್ಕೆ ಹೊರಟ ಮಕ್ಕಳ ಅಪ್ಪ ಅಮ್ಮಂದಿರು, ಟಾಲ್‌ಸ್ಟಾಯ್‌ನನ್ನು ಅವನ ಭಾಷೆಯಲ್ಲೇ ಓದಬೇಕೆಂಬ ಆಸೆಯ ನಿವೃತ್ತ ಮಾಷ್ಟ್ರುಗಳು, ವಿದ್ಯಾನಗರದ ಕಾಲೇಜು ಮಕ್ಕಳು ಫೋನಿನಲ್ಲಿ, ಪತ್ರದಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳಿವು. ರಷ್ಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಅಂದಾಜಿಗೆ ಬರೆದಿದ್ದೇನೆ. ಒತ್ತು (ಪದದಲ್ಲಿ ಗಟ್ಟಿಯಾಗಿ ನುಡಿಯುವ ಭಾಗ, ಒತ್ತಕ್ಷರ ಅಲ್ಲ) ಬೀಳುವ ಸ್ವರವನ್ನು ದೀರ್ಘ ಮಾಡಿದ್ದೇನೆ. ಪದದ ಕೊನೆಯಲ್ಲಿ ‘ತ್ಯ್’, ‘ನ್ಯ್’ ಎಂದು ಬಂದರೆ ಅದು ಮೃದು ವ್ಯಂಜನ, ಅಂದರೆ ಯಕಾರದ ಛಾಯೆ ಬೆರೆತದ್ದು. ಚುಕ್ಕಿ ಇರುವ ‘ಜ಼’ ಇಂಗ್ಲಿಷಿನ ಝಡ್ ಧ್ವನಿ. ಚುಕ್ಕಿ ಇಲ್ಲದ ‘ಝ’ ಬೇರೆ, ಅದರ ವಿಷಯ ಮುಂದೆ ಬರುತ್ತದೆ.

## ಶುರು ಮಾಡುವ ಮೊದಲು

ಟೀಚರೇ, ಕ್ಲಾಸಿಗೆ ಹೋಗದೆ ಬರೀ ಪುಸ್ತಕ ನೋಡಿ ರಷ್ಯನ್ ಕಲಿಯಲಿಕ್ಕೆ ಆಗ್ತದಾ?

ಓದಲು, ಬರೆಯಲು ಖಂಡಿತ ಆಗುತ್ತದೆ. ಮಾತಾಡಲು ಪುಸ್ತಕದ ಜೊತೆ ಧ್ವನಿಯೂ ಬೇಕು. ಕೇಳದೆ ಕಲಿತ ಉಚ್ಚಾರವನ್ನು ಆಮೇಲೆ ತಿದ್ದುವುದು ತುಂಬಾ ಕಷ್ಟ.

ನಮಗೆ ಹತ್ತಿರದಲ್ಲಿ ತರಗತಿ ಇಲ್ಲ. ರಷ್ಯನ್ ಹೌಸ್ ಎಂಬ ಸಾಂಸ್ಕೃತಿಕ ಕೇಂದ್ರ ಇರುವುದು ತಿರುವನಂತಪುರದಲ್ಲಿ, ಕೇರಳ ವಿಶ್ವವಿದ್ಯಾಲಯದ ರಷ್ಯನ್ ವಿಭಾಗವೂ ಅಲ್ಲೇ. ನಾವಿರುವುದು ರಾಜ್ಯದ ಈ ತುದಿಯ ಕಾಸರಗೋಡಿನಲ್ಲಿ. ಹಾಗೆಂದು ಪುಸ್ತಕವನ್ನು ಗತಿಯಿಲ್ಲದವರ ದಾರಿ ಎಂದುಕೊಳ್ಳಬೇಡಿ. ರಷ್ಯನ್ನಿನಲ್ಲಿ ಅರ್ಥ ನಿಂತಿರುವುದು ಪದದ ಕೊನೆಯ ಪ್ರತ್ಯಯದಲ್ಲಿ, ಆ ಪ್ರತ್ಯಯ ಕಿವಿಗೆ ಸರಿಯಾಗಿ ಬೀಳದಷ್ಟು ಸಣ್ಣಗೆ ನುಡಿಯುತ್ತದೆ. ಕಣ್ಣಿನಿಂದ ನೋಡಿ, ಕೈಯಿಂದ ಬರೆದು ಕಲಿತವರಿಗೆ ಅದು ಗಟ್ಟಿಯಾಗುತ್ತದೆ. ರಾಷ್ಟ್ರಕವಿ ಗೋವಿಂದ ಪೈಗಳು ಮಂಜೇಶ್ವರದ ಮನೆಯಲ್ಲಿ ಕೂತು ಎಷ್ಟೊಂದು ಭಾಷೆಗಳನ್ನು ತಮ್ಮದಾಗಿಸಿಕೊಂಡರು ಎಂಬುದು ಈ ಊರಿನವರಿಗೆ ಗೊತ್ತಿರುವ ಸಂಗತಿ. ಸ್ವಂತ ಓದಿನಿಂದ ಭಾಷೆ ಕಲಿಯುವುದು ನಮಗೆ ಹೊಸದಲ್ಲ.

ಆ್ಯಪ್‌ನಲ್ಲಿ ದಿನಾ ಹತ್ತು ನಿಮಿಷ ಮಾಡಿದರೆ ಸಾಲದಾ?

ಅಕ್ಷರ ಗುರುತು ಹಿಡಿಯಲು, ಪದ ಮರೆಯದಿರಲು ಆ್ಯಪ್ ಒಳ್ಳೆಯದು. ಆದರೆ ‘ಪುಸ್ತಕ’ ಎಂಬ ಪದ ಒಂದು ಕಡೆ ಕ್ನೀಗ, ಇನ್ನೊಂದು ಕಡೆ ಕ್ನೀಗು, ಮತ್ತೊಂದು ಕಡೆ ಕ್ನೀಗಿ ಏಕಾಯಿತು ಎಂದು ಅದು ಕೂತು ವಿವರಿಸುವುದಿಲ್ಲ. ಊಹೆ ಮಾಡುತ್ತ ಹೋಗುತ್ತೀರಿ, ಸ್ವಲ್ಪ ದೂರದಲ್ಲಿ ಊಹೆ ಕೈಕೊಡುತ್ತದೆ. ಪುಸ್ತಕ ಮೊದಲು, ಆ್ಯಪ್ ಅದರ ಹಿಂದೆ.

ಯಾವ ಪುಸ್ತಕ ತಗೊಳ್ಳಲಿ? ನಮ್ಮೂರ ವಾಚನಾಲಯದಲ್ಲಿ ಹಳೆ ಸೋವಿಯತ್ ಪುಸ್ತಕ ಉಂಟು, ಅದು ಆಗ್ತದಾ?

ಹೆಸರಿಗಿಂತ ಲಕ್ಷಣ ನೋಡಿ ಆರಿಸಿ. ಪ್ರತಿ ರಷ್ಯನ್ ಪದದ ಮೇಲೂ ಒತ್ತಿನ ಗೆರೆ ಇರಬೇಕು. ಇದರಲ್ಲಿ ರಾಜಿ ಬೇಡ. ಅಭ್ಯಾಸಗಳಿಗೆ ಉತ್ತರ ಹಿಂದೆ ಕೊಟ್ಟಿರಬೇಕು, ತಿದ್ದುವವರಿಲ್ಲದ ನಮಗೆ ಅದೇ ಮೇಷ್ಟ್ರು. ವಿಭಕ್ತಿಗಳನ್ನು ಒಂದೊಂದಾಗಿ ಪರಿಚಯಿಸಿರಬೇಕು, ಮೊದಲ ಪಾಠದಲ್ಲೇ ಆರರ ಕೋಷ್ಟಕ ಮುಂದಿಡುವ ಪುಸ್ತಕ ಆಮೇಲೆ ನೋಡಿಕೊಳ್ಳಲು ಚೆನ್ನ, ಶುರುವಿಗೆ ಅಲ್ಲ. ಧ್ವನಿಮುದ್ರಣ ಸಿಕ್ಕಿದರೆ ಇನ್ನೂ ಒಳ್ಳೆಯದು.

ಹಳೆಯ ಪುಸ್ತಕದ ಬಗ್ಗೆ: ಕೇರಳದಲ್ಲಿ ಪ್ರಭಾತ್ ಬುಕ್ ಹೌಸ್, ಕರ್ನಾಟಕದಲ್ಲಿ ನವಕರ್ನಾಟಕದವರು ಸೋವಿಯತ್ ಪುಸ್ತಕಗಳನ್ನು ಅಗ್ಗದ ಬೆಲೆಗೆ ಊರೂರಿಗೆ ಮುಟ್ಟಿಸಿದ್ದರು. ಮಾಸ್ಕೋದ ಪ್ರೋಗ್ರೆಸ್, ರೂಸ್ಕಿ ಯಜ಼ಿಕ್ ಪ್ರಕಾಶನಗಳ ಭಾಷಾ ಪುಸ್ತಕಗಳು ನಮ್ಮ ಗ್ರಂಥಾಲಯಗಳ ಕಪಾಟಿನಲ್ಲಿ ಇವತ್ತಿಗೂ ಸಿಗುತ್ತವೆ. ಅವುಗಳ ವ್ಯಾಕರಣ ಹಳತಾಗಿಲ್ಲ. ರಷ್ಯನ್ ಕಾಗುಣಿತ ದೊಡ್ಡದಾಗಿ ಬದಲಾದದ್ದು 1918ರ ಸುಧಾರಣೆಯಲ್ಲಿ, ಈ ಪುಸ್ತಕಗಳೆಲ್ಲ ಅದರ ನಂತರದವು. ಬದಲಾಗಿರುವುದು ಸುತ್ತಲಿನ ಲೋಕ: ಅದರಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ‘ತವಾರಿಶ್’ (ಕಾಮ್ರೇಡ್) ಎಂದು ಕರೆಯುತ್ತಾರೆ, ಲೆನಿನ್‌ಗ್ರಾದ್‌ಗೆ ಹೋಗುತ್ತಾರೆ. ಆ ಊರು 1991ರಿಂದ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್. ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಧೈರ್ಯವಾಗಿ ಓದಿ.

ಇಲ್ಲಿ ಕನ್ನಡ ಉಳಿಯುವುದೇ ಕಷ್ಟ ಆಗಿದೆ, ಅದರ ಮಧ್ಯೆ ರಷ್ಯನ್ ಯಾಕೆ ಅಕ್ಕ?

ಸಿಟ್ಟಿನಿಂದ ಕೇಳಿದವರೂ ಇದ್ದಾರೆ, ಸಂಕಟದಿಂದ ಕೇಳಿದವರೂ ಇದ್ದಾರೆ. ಆ ಸಂಕಟ ನನ್ನದೂ ಹೌದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಕನ್ನಡವನ್ನು ಶಾಲೆಯಲ್ಲಿ, ಕಚೇರಿಯಲ್ಲಿ, ಬೋರ್ಡಿನಲ್ಲಿ ಉಳಿಸಿಕೊಳ್ಳಲು ಹೆಣಗುತ್ತಿದ್ದೇವೆ.

ಆದ್ದರಿಂದಲೇ ನಾನು ಹೇಳುವುದು: ರಷ್ಯನ್ ಕಲಿಯಿರಿ, ನೋಟ್ಸನ್ನು ಕನ್ನಡದಲ್ಲಿ ಬರೆಯಿರಿ. ಕನ್ನಡ ಮೀಡಿಯಂನ ಮಕ್ಕಳು ವಿಭಕ್ತಿ, ಪ್ರತ್ಯಯ, ಅವ್ಯಯ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇಲ್ಲಿ ನಿಜವಾದ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷ್ ಮೀಡಿಯಂನವರಿಗೆ ‘ಡೇಟಿವ್’ ಎಂದರೆ ಏನೆಂದು ಪುಸ್ತಕ ಎರಡು ಪುಟ ವಿವರಿಸಬೇಕು. ನಿಮಗೆ ‘ಚತುರ್ಥಿ, ಗೆ’ ಎಂದರೆ ಮುಗಿಯಿತು. ಕನ್ನಡದಲ್ಲಿ ಕಲಿತದ್ದು ಕಾಸರಗೋಡಿನ ಆಚೆ ಪ್ರಯೋಜನಕ್ಕೆ ಬಾರದು ಎನ್ನುವವರಿಗೆ ಇದನ್ನು ತೋರಿಸಬೇಕೆಂಬ ಹಟ ನನಗಿದೆ.

ಎಷ್ಟು ಸಮಯ ಹಿಡಿಯುತ್ತದೆ?

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಇಂಗ್ಲಿಷ್ ಮಾತೃಭಾಷೆಯವರಿಗೆ ರಷ್ಯನ್ ಕಲಿಸಲು 44 ವಾರ, 1100 ತರಗತಿ ಗಂಟೆ ಎಂದು ಲೆಕ್ಕ ಹಾಕುತ್ತದೆ. ಅದು ಕಚೇರಿ ಕೆಲಸಕ್ಕೆ ಬೇಕಾದಷ್ಟು ಪಳಗಲು. ನಮ್ಮ ಗುರಿಗೆ ಬೇರೆ ಅಳತೆ ಇದೆ. ರಷ್ಯ ಸರಕಾರ ವಿದೇಶಿಯರಿಗಾಗಿ ನಡೆಸುವ ‘ಟಿ.ಆರ್.ಕೆ.ಐ.’ ಎಂಬ ಪರೀಕ್ಷೆಯಲ್ಲಿ ಆರಂಭಿಕ ಹಂತಕ್ಕೆ 780 ಪದ, ಅದರ ಮೇಲಿನ ಮೂಲ ಹಂತಕ್ಕೆ 1300, ಅದಕ್ಕೂ ಮೇಲಿನ, ‘ಮೊದಲ ಹಂತ’ ಎಂದು ಕರೆಯುವುದಕ್ಕೆ 2300 ಪದ ಬೇಕು. ದಿನಕ್ಕೆ ಒಂದು ಗಂಟೆ ತಪ್ಪದೆ ಕೂತರೆ ವರ್ಷದೊಳಗೆ ಮೂಲ ಹಂತಕ್ಕೆ ಬರುವುದು ಸಾಧ್ಯ. ವಾರಕ್ಕೊಮ್ಮೆ ಏಳು ಗಂಟೆ ಕೂತರೆ ಬರುವುದಿಲ್ಲ.

ನನಗೆ ಅರವತ್ತು ದಾಟಿದೆ. ಈಗ ಶುರು ಮಾಡಿದರೆ ತಲೆಗೆ ಹತ್ತೀತಾ?

ಹತ್ತುತ್ತದೆ. ಪದ ನಿಧಾನವಾಗಿ ಬರುತ್ತದೆ, ವ್ಯಾಕರಣ ಬೇಗ ಬರುತ್ತದೆ. ದೊಡ್ಡ ಅಕ್ಷರದ ಪುಸ್ತಕ ನೋಡಿ ತೆಗೆದುಕೊಳ್ಳಿ, ಒತ್ತಿನ ಗೆರೆ ಕಣ್ಣಿಗೆ ಕಾಣಬೇಕು.

ಮಗಳು ಮೆಡಿಸಿನ್‌ಗೆ ರಷ್ಯಕ್ಕೆ ಹೋಗುವವಳು. ಪಾಠ ಇಂಗ್ಲಿಷಿನಲ್ಲೇ ಅಂತೆ. ಮತ್ತೆ ರಷ್ಯನ್ ಕಲಿಯಬೇಕಾ ಟೀಚರ್?

ಪಾಠ ಇಂಗ್ಲಿಷಿನಲ್ಲಿರಬಹುದು, ರೋಗಿ ಇಂಗ್ಲಿಷ್ ಮಾತಾಡುವುದಿಲ್ಲ. ವಾರ್ಡಿಗೆ ಕಾಲಿಟ್ಟ ದಿನ ಮುದುಕಿಯೊಬ್ಬಳು ತನ್ನ ನೋವನ್ನು ರಷ್ಯನ್ನಿನಲ್ಲೇ ಹೇಳುತ್ತಾಳೆ. ಹೋಗುವ ಮೊದಲು ನಾಲ್ಕು ಸಂಗತಿ ಕಲಿಸಿ ಕಳುಹಿಸಿ: ಅಚ್ಚಿನ ಅಕ್ಷರ, ಕೈಬರಹದ ಅಕ್ಷರ, ಸಂಖ್ಯೆಗಳು, ದೇಹದ ಭಾಗಗಳ ಹೆಸರು. ‘ಗ್ದ್ಯೇ ಬಲೀತ್?’ ಎಂದರೆ ಎಲ್ಲಿ ನೋಯುತ್ತದೆ? ‘ಉ ಮಿನ್ಯಾ ಬಲೀತ್ ಗಲವಾ’ ಎಂದರೆ ನನಗೆ ತಲೆ ನೋಯುತ್ತದೆ. ದೊಡ್ಡವರನ್ನು, ಅಪರಿಚಿತರನ್ನು ಬಹುವಚನದಲ್ಲೇ ಮಾತಾಡಿಸಬೇಕು, ನಮ್ಮ ‘ನೀನು, ನೀವು’ ಭೇದ ಅಲ್ಲೂ ಹಾಗೆಯೇ ಇದೆ. ಪ್ರಾಧ್ಯಾಪಕರನ್ನು ಹೆಸರು ಮತ್ತು ತಂದೆಯ ಹೆಸರು ಸೇರಿಸಿ ಕರೆಯುವುದು ಅಲ್ಲಿನ ಮರ್ಯಾದೆ: ತಂದೆ ಪ್ಯೋತ್ರ್ ಆದರೆ ಮಗ ಪಿತ್ರೋವಿಚ್, ಮಗಳು ಪಿತ್ರೋವ್ನ. ಇದನ್ನು ಮೊದಲ ವಾರವೇ ತಿಳಿದಿದ್ದರೆ ಮಗುವಿಗೆ ಮುಜುಗರ ಆಗುವುದಿಲ್ಲ.

## ಅಕ್ಷರ, ಉಚ್ಚಾರ

ಅಕ್ಷರ ನೋಡಿದರೆ ಇಂಗ್ಲಿಷಿನಂತೆ ಕಾಣುತ್ತದೆ, ಓದಿದರೆ ಬೇರೆ ಏನೋ. ಹೇಗೆ ನೆನಪಿಡುವುದು?

ಒಟ್ಟು 33 ಅಕ್ಷರ: 10 ಸ್ವರ, 21 ವ್ಯಂಜನ, ತಮ್ಮದೇ ಧ್ವನಿ ಇಲ್ಲದ 2 ಚಿಹ್ನೆ. ಇವುಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಇಂಗ್ಲಿಷಿನಂತೆಯೇ ಕಂಡು ಹಾಗೆಯೇ ನುಡಿಯುವವು ಕೆ, ಎಂ, ಎ, ಟಿ ಮುಂತಾದವು. ಕಂಡು ಮೋಸ ಮಾಡುವವು ಎರಡನೆಯ ಗುಂಪು: ಪಿ ಯಂತೆ ಕಾಣುವುದು ‘ರ’, ಎಚ್‌ನಂತೆ ಕಾಣುವುದು ‘ನ’, ಸಿ ಯಂತೆ ಕಾಣುವುದು ‘ಸ’, ಬಿ ಯಂತೆ ಕಾಣುವುದು ‘ವ’, ವೈ ಯಂತೆ ಕಾಣುವುದು ‘ಉ’, ಎಕ್ಸ್‌ನಂತೆ ಕಾಣುವುದು ಗಂಟಲಿನಿಂದ ಉಸಿರು ಉಜ್ಜಿ ಬರುವ ‘ಖ’. ಉಳಿದವು ಪೂರ್ತಿ ಹೊಸವು, ಅವು ತೊಂದರೆ ಕೊಡುವುದಿಲ್ಲ. ಎರಡನೆಯ ಗುಂಪನ್ನು ಮಾತ್ರ ದಿನಾ ಬರೆಯಿರಿ.

ಕೈಬರಹವನ್ನು ಮುಂದೂಡಬೇಡಿ. ಅಚ್ಚಿನಲ್ಲಿ ಟಿ ಯಂತಿರುವ ‘ತ’ ಕೈಬರಹದಲ್ಲಿ ಇಂಗ್ಲಿಷಿನ ಸಣ್ಣ ಎಂ ಆಗುತ್ತದೆ, ‘ದ’ ಸಣ್ಣ ಜಿ ಆಗುತ್ತದೆ, ‘ಪ’ ಸಣ್ಣ ಎನ್ ಆಗುತ್ತದೆ. ಓರೆ ಅಚ್ಚಿನಲ್ಲೂ ‘ತ’, ‘ಪ’ಗಳಿಗೆ ಇದೇ ರೂಪಗಳು ಬರುವುದರಿಂದ ಪುಸ್ತಕ ಓದಲೂ ಇದು ಬೇಕು.

ನಮಗಿರುವ ಒಂದು ಅನುಕೂಲ ಹೇಳಿಬಿಡುತ್ತೇನೆ. ರಷ್ಯನ್ನಿನ ‘ತ’, ‘ದ’ ನಮ್ಮ ತಕಾರ, ದಕಾರದಂತೆ ಹಲ್ಲಿಗೆ ನಾಲಿಗೆ ತಾಗಿಸಿಯೇ ಹೇಳುವಂಥವು. ‘ರ’ ನಮ್ಮ ರಕಾರವೇ, ಸ್ವಲ್ಪ ಹೆಚ್ಚು ಅದುರುತ್ತದೆ. ಇಂಗ್ಲಿಷಿನವರು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ನಮಗೆ ತೊಟ್ಟಿಲಿನಲ್ಲೇ ಬಂದಿದೆ.

ಪುಸ್ತಕದಲ್ಲಿ ‘ಝಡ್, ಎಚ್’ ಅಂತ ಕೊಟ್ಟಿದ್ದಾರೆ. ಅದು ಮಲಯಾಳದ ೞಕಾರ ತಾನೇ?

ಅಲ್ಲ. ಕಾಸರಗೋಡಿನವರೆಲ್ಲ ಮೊದಲು ಎಡವುವುದು ಇಲ್ಲೇ. ಮಲಯಾಳದ ‘ಮೞ’, ‘ಕೋೞಿಕ್ಕೋಡ್’ ಪದಗಳಲ್ಲಿರುವ, ಹಳಗನ್ನಡದಲ್ಲೂ ಇದ್ದ ೞಕಾರವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆ ಎರಡು ಅಕ್ಷರ ಹಾಕುತ್ತೇವೆ. ರಷ್ಯನ್ ಅಕ್ಷರಕ್ಕೂ ಅವೇ ಎರಡು ಹಾಕುತ್ತಾರೆ. ಧ್ವನಿಗಳಿಗೆ ಸಂಬಂಧವೇ ಇಲ್ಲ. ‘ಶ’ ಎಂದು ಉಸಿರು ಬಿಡುತ್ತಾ ಉದ್ದಕ್ಕೆ ಹೇಳಿ, ಹಾಗೆಯೇ ಗಂಟಲನ್ನು ಕಂಪಿಸಿ, ಇಂಗ್ಲಿಷಿನ ‘ಮೆಶರ್’, ‘ಪ್ಲೆಶರ್’ ಪದಗಳ ನಡುವಿನ ಧ್ವನಿ ಬರುತ್ತದೆ. ನಾಲಿಗೆಯನ್ನು ಸ್ವಲ್ಪ ಹಿಂದೆ ಎಳೆದರೆ ರಷ್ಯನ್ ‘ಝ’.

ಒಂದು ಸ್ವರ ‘ಇ’ಯೂ ಅಲ್ಲ, ‘ಉ’ವೂ ಅಲ್ಲ. ಬಾಯಿಗೇ ಬರುವುದಿಲ್ಲ.

ತುಳು ಮಾತಾಡುವವರಿಗೂ ಮಲಯಾಳ ಮಾತಾಡುವವರಿಗೂ ಅರ್ಧ ಬಂದೇ ಇದೆ. ತುಳುವಿನ ‘ಉಂಡು’ ಪದದ ಕೊನೆಯ ಆ ಅರೆ ಉಕಾರವನ್ನು, ಮಲಯಾಳದವರು ಸಂವೃತೋಕಾರ ಎನ್ನುವುದನ್ನು ಹೇಳಿ ನೋಡಿ. ತುಟಿ ದುಂಡಗಾಗುವುದಿಲ್ಲ, ನಾಲಿಗೆ ಬಾಯಿಯ ನಡುವೆ ಮೇಲೇಳುತ್ತದೆ. ಅದನ್ನೇ ತುಸು ಬಿಗಿಯಾಗಿ, ಪೂರ್ತಿ ಸ್ವರವಾಗಿ ಎಳೆದರೆ ರಷ್ಯನ್ ಸ್ವರಕ್ಕೆ ಹತ್ತಿರ ಬರುತ್ತೀರಿ. ಇದನ್ನು ‘ಇ’ ಎಂದು ಹೇಳಿಬಿಟ್ಟರೆ ‘ಇರುವುದು’ ಎಂಬ ಕ್ರಿಯಾಪದ ‘ಹೊಡೆಯುವುದು’ ಎಂದಾಗುತ್ತದೆ.

ಮೃದು ವ್ಯಂಜನಕ್ಕೂ ನಮ್ಮ ಊರಿನಲ್ಲೇ ದಾರಿ ಇದೆ. ಮೃದುವಾದ ‘ನ’ ಮಲಯಾಳದ ‘ಞಾನ್’ ಪದದ ಞಕಾರಕ್ಕೆ ಹತ್ತಿರ. ಉಳಿದವಕ್ಕೆ ‘ತ್ಯ’, ‘ಲ್ಯ’ ಎಂದು ಶುರು ಮಾಡಿ ಯಕಾರ ಹೊರಬರುವ ಮೊದಲೇ ನಿಲ್ಲಿಸಿ. ಬ್ರಾತ್ ಎಂದರೆ ಸಹೋದರ, ಬ್ರಾತ್ಯ್ ಎಂದರೆ ತೆಗೆದುಕೊಳ್ಳುವುದು. ಭೇದ ಇರುವುದು ಆ ಕೊನೆಯ ಮೃದುತ್ವದಲ್ಲಿ ಮಾತ್ರ.

ಒತ್ತು ಅಷ್ಟು ಮುಖ್ಯವಾ? ಕನ್ನಡದಲ್ಲಿ ಇಲ್ಲವಲ್ಲ.

ಕನ್ನಡದಲ್ಲಿ ಇಲ್ಲದ್ದರಿಂದಲೇ ನಾವು ಹೆಚ್ಚು ಗಮನ ಕೊಡಬೇಕು. ನಮ್ಮಲ್ಲಿ ಬರೆದದ್ದನ್ನು ಬರೆದಂತೆ ಓದುತ್ತೇವೆ. ರಷ್ಯನ್ನಿನಲ್ಲಿ ಒತ್ತು ಬಿದ್ದ ಸ್ವರ ಮಾತ್ರ ಪೂರ್ತಿಯಾಗಿ ನುಡಿಯುತ್ತದೆ, ಉಳಿದವು ಸೊರಗುತ್ತವೆ. ಹಾಲು ಎಂಬ ಪದವನ್ನು ಬರೆಯುವುದು ‘ಮೊಲೊಕೊ’, ಹೇಳುವುದು ‘ಮಲಕೋ’. ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂಬುದಕ್ಕೆ ಸುಲಭದ ನಿಯಮ ಇಲ್ಲ, ಒಂದೇ ಪದದ ಬೇರೆ ಬೇರೆ ರೂಪಗಳಲ್ಲಿ ಅದು ಜಾಗ ಬದಲಿಸುವುದೂ ಉಂಟು. ಜ಼ಾಮಕ್ ಎಂದರೆ ಕೋಟೆಯಂಥ ಅರಮನೆ, ಜ಼ಮೋಕ್ ಎಂದರೆ ಬೀಗ, ಬರಹ ಒಂದೇ.

ಪತ್ರಿಕೆಯಲ್ಲಿ, ಕಾದಂಬರಿಯಲ್ಲಿ ಒತ್ತಿನ ಗುರುತು ಇರುವುದಿಲ್ಲ. ಪಠ್ಯಪುಸ್ತಕದಲ್ಲಿ ಮಾತ್ರ ಇರುತ್ತದೆ. ಹೊಸ ಪದ ಬರೆದುಕೊಳ್ಳುವಾಗ ಒತ್ತು ಗೆರೆ ಎಳೆಯದೆ ಮುಂದಿನ ಪದಕ್ಕೆ ಹೋಗಬೇಡಿ. ಸಂಶಯ ಬಂದಾಗ ವಿಕ್ಷನರಿ ಎಂಬ ಆನ್‌ಲೈನ್ ನಿಘಂಟಿನಲ್ಲಿ ಆ ಪದ ಹುಡುಕಿದರೆ ಒತ್ತೂ ಸಿಗುತ್ತದೆ, ವಿಭಕ್ತಿ ರೂಪಗಳೂ ಸಿಗುತ್ತವೆ.

## ವ್ಯಾಕರಣದ ಒಳಗೆ

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಪುಸ್ತಕ ಇಂಗ್ಲಿಷಿನಲ್ಲಿದೆ. ಹೇಗೆ ಮಾಡುವುದು?

ಪುಸ್ತಕದ ವಿವರಣೆ ಇಂಗ್ಲಿಷಿನಲ್ಲಿರಲಿ, ವಾಕ್ಯವನ್ನು ಮೊದಲು ಕನ್ನಡಕ್ಕೆ ತನ್ನಿ, ಕನ್ನಡದಿಂದ ರಷ್ಯನ್‌ಗೆ ಹೋಗಿ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ.

‘ಐ ಹ್ಯಾವ್ ಎ ಬುಕ್’ ಎಂಬ ಅಭ್ಯಾಸ ವಾಕ್ಯ ತೆಗೆದುಕೊಳ್ಳಿ. ಇಂಗ್ಲಿಷಿನವರಿಗೆ ಇಲ್ಲಿ ಮೂರು ಗೋಜಲು: ‘ಹ್ಯಾವ್’ಗೆ ಏನು ಹಾಕುವುದು, ‘ಎ’ಗೆ ಏನು ಹಾಕುವುದು, ‘ಐ’ ಎಲ್ಲಿ ಹೋಯಿತು. ಕನ್ನಡಕ್ಕೆ ತನ್ನಿ: ‘ನನ್ನ ಹತ್ತಿರ ಪುಸ್ತಕ ಇದೆ’. ರಷ್ಯನ್: ‘ಉ ಮಿನ್ಯಾ ಯೇಸ್ತ್ಯ್ ಕ್ನೀಗ’. ನನ್ನ ಹತ್ತಿರ, ಇದೆ, ಪುಸ್ತಕ. ಗೋಜಲೇ ಇಲ್ಲ. ‘ನಾನು ವಿದ್ಯಾರ್ಥಿ’ ಎಂಬಲ್ಲಿ ನಾವು ಕ್ರಿಯಾಪದ ಹಾಕುವುದಿಲ್ಲ, ಅವರೂ ಹಾಕುವುದಿಲ್ಲ: ‘ಯಾ ಸ್ತುದ್ಯೇಂತ್’. ‘ನನಗೆ ಚಳಿ’ ಎನ್ನುತ್ತೇವೆ, ಅವರು ‘ಮ್ನ್ಯೇ ಖೋಲದ್ನ’ ಎನ್ನುತ್ತಾರೆ, ‘ಮ್ನ್ಯೇ’ ಎಂದರೆ ‘ನನಗೆ’. ನನಗೆ ಇಷ್ಟ, ನನಗೆ ಬೇಕು, ನನಗೆ ಇಪ್ಪತ್ತು ವರ್ಷ, ಎಲ್ಲದಕ್ಕೂ ಅದೇ ‘ಮ್ನ್ಯೇ’. ಪುಸ್ತಕ ಬರೆದವರು ಇದನ್ನೆಲ್ಲ ವಿಚಿತ್ರ ಎಂಬಂತೆ ಪುಟಗಟ್ಟಲೆ ವಿವರಿಸುತ್ತಾರೆ, ಏಕೆಂದರೆ ಅವರ ಓದುಗರು ಇಂಗ್ಲಿಷಿನವರು. ಅಂಥ ಪುಟಗಳನ್ನು ನೀವು ಬೇಗ ದಾಟಬಹುದು.

ಆರು ವಿಭಕ್ತಿ ಅಂತ ಕೇಳಿಯೇ ಹೆದರಿಕೆ ಆಗ್ತದೆ.

ದಿನಾ ಆರಕ್ಕಿಂತ ಹೆಚ್ಚು ವಿಭಕ್ತಿ ಬಳಸುವವರು ನೀವು. ಪುಸ್ತಕ ಎಂಬ ಪದವನ್ನೇ ನೋಡಿ: ಪ್ರಥಮೆ ಕ್ನೀಗ, ಷಷ್ಠಿ ಕ್ನೀಗಿ (ಪುಸ್ತಕದ), ಚತುರ್ಥಿ ಕ್ನೀಗೆ (ಪುಸ್ತಕಕ್ಕೆ), ದ್ವಿತೀಯೆ ಕ್ನೀಗು (ಪುಸ್ತಕವನ್ನು), ತೃತೀಯೆ ಕ್ನೀಗಯ್ (ಪುಸ್ತಕದಿಂದ). ಆರನೆಯದು ಸಪ್ತಮಿಯಂಥದು, ಅದು ಒಂಟಿಯಾಗಿ ಬರುವುದಿಲ್ಲ, ಮುಂದೆ ಒಂದು ಅವ್ಯಯ ಬೇಕೇ ಬೇಕು: ‘ನ ಸ್ತಲ್ಯೇ’ ಎಂದರೆ ಮೇಜಿನ ಮೇಲೆ. ನಾವು ‘ಮೇಲೆ’ ಎಂಬುದನ್ನು ಪದದ ಹಿಂದೆ ಹಾಕುತ್ತೇವೆ, ಅವರು ಮುಂದೆ ಹಾಕುತ್ತಾರೆ.

ನಿಜವಾದ ಕಷ್ಟ ಬೇರೆ ಕಡೆ ಇದೆ. ಕನ್ನಡದಲ್ಲಿ ‘ಗೆ’ ಎಂಬುದು ಯಾವ ಪದಕ್ಕಾದರೂ ಹೆಚ್ಚುಕಡಿಮೆ ಅದೇ ‘ಗೆ’. ರಷ್ಯನ್ನಿನಲ್ಲಿ ಪದದ ಲಿಂಗ, ವಚನ ನೋಡಿ ಪ್ರತ್ಯಯ ಬದಲಾಗುತ್ತದೆ, ವಿಶೇಷಣವೂ ಜೊತೆಗೆ ಬದಲಾಗುತ್ತದೆ. ‘ಹೊಸ ಪುಸ್ತಕಕ್ಕೆ’ ಎನ್ನುವಾಗ ನಮ್ಮ ‘ಹೊಸ’ ಕದಲುವುದಿಲ್ಲ, ಅವರದು ಕದಲುತ್ತದೆ. ಆದ್ದರಿಂದ ಕೋಷ್ಟಕ ಬಾಯಿಪಾಠ ಮಾಡುವ ಬದಲು ಪ್ರತಿ ವಿಭಕ್ತಿಗೆ ನಿಮ್ಮದೇ ಮೂರು ವಾಕ್ಯ ಇಟ್ಟುಕೊಳ್ಳಿ: ಒಂದು ಪುಲ್ಲಿಂಗಕ್ಕೆ, ಒಂದು ಸ್ತ್ರೀಲಿಂಗಕ್ಕೆ, ಒಂದು ನಪುಂಸಕಕ್ಕೆ. ಷಷ್ಠಿಗೆ ಎರಡು ಪಟ್ಟು ಸಮಯ ಕೊಡಿ. ‘ನನ್ನ ಹತ್ತಿರ ಪುಸ್ತಕ ಇಲ್ಲ’ ಎನ್ನುವಾಗ ‘ಇಲ್ಲ’ದ ಜೊತೆ ಬರುವುದೂ ಷಷ್ಠಿಯೇ (ಉ ಮಿನ್ಯಾ ನ್ಯೇತ್ ಕ್ನೀಗಿ), ಸಂಖ್ಯೆಗಳ ಜೊತೆ ಬರುವುದೂ ಅದೇ.

ಕನ್ನಡದ ವಿಭಕ್ತಿ ಹಾಕಿದರೆ ಕೆಲವು ಸಲ ತಪ್ಪಾಗುತ್ತದೆ. ಎಲ್ಲಿ ಜಾಗ್ರತೆ ಬೇಕು?

ಎರಡು ಕಡೆ. ಮೊದಲನೆಯದು ‘ಇಂದ’. ‘ಚಾಕುವಿನಿಂದ ಕೊಯ್ದೆ’, ‘ಮಾಸ್ಕೋದಿಂದ ಬಂದೆ’ ಎರಡಕ್ಕೂ ನಮಗೆ ಒಂದೇ 'ಇಂದ'. ರಷ್ಯನ್ನಿನಲ್ಲಿ ಉಪಕರಣಕ್ಕೆ ಬರೀ ತೃತೀಯೆ: ನಝೋಮ್. ಹೊರಟ ಜಾಗಕ್ಕೆ ‘ಇಜ಼್’ ಎಂಬ ಅವ್ಯಯ ಮತ್ತು ಷಷ್ಠಿ: ಇಜ಼್ ಮಸ್ಕ್ವೀ.

ಎರಡನೆಯದು ‘ಗೆ’. ‘ಅಮ್ಮನಿಗೆ ಕೊಟ್ಟೆ’ ಎಂಬಲ್ಲಿ ಚತುರ್ಥಿ ಸರಿ. ‘ಮಾಸ್ಕೋಗೆ ಹೋದೆ’ ಎಂಬಲ್ಲಿ ಚತುರ್ಥಿ ಹಾಕಿದರೆ ತಪ್ಪು. ಊರಿಗೆ ಹೋಗುವಾಗ ‘ವ್’ ಎಂಬ ಅವ್ಯಯ ಮತ್ತು ದ್ವಿತೀಯೆ ಬೇಕು: ವ್ ಮಸ್ಕ್ವೂ. ಮನುಷ್ಯರ ಹತ್ತಿರ ಹೋಗುವಾಗ ಮಾತ್ರ ಚತುರ್ಥಿ, ಅದೂ ‘ಕ್’ ಎಂಬ ಅವ್ಯಯದ ಜೊತೆ: ಕ್ ವ್ರಚೂ, ಡಾಕ್ಟರರ ಹತ್ತಿರ. ಮಾಸ್ಕೋದಲ್ಲಿ ಇದ್ದೇನೆ ಎನ್ನಲು ವ್ ಮಸ್ಕ್ವ್ಯೇ. ಹೋಗುವುದು, ಇರುವುದು, ಬರುವುದು, ಈ ಮೂರನ್ನು ಒಟ್ಟಿಗೆ ಹೇಳುತ್ತ ಅಭ್ಯಾಸ ಮಾಡಿದರೆ ನಾಲಿಗೆ ತಾನಾಗಿ ಬೇರ್ಪಡಿಸುತ್ತದೆ.

ಮೇಜು ಗಂಡು, ಪುಸ್ತಕ ಹೆಣ್ಣು ಅಂದರೆ ಏನು ತರ್ಕ?

ತರ್ಕ ಹುಡುಕಬೇಡಿ, ಪದದ ಕೊನೆ ನೋಡಿ. ವ್ಯಂಜನದಲ್ಲಿ ನಿಂತರೆ ಪುಲ್ಲಿಂಗ (ಸ್ತೋಲ್, ಮೇಜು), ‘ಅ’, ‘ಯ’ದಲ್ಲಿ ನಿಂತರೆ ಸ್ತ್ರೀಲಿಂಗ (ಕ್ನೀಗ), ‘ಒ’, ‘ಎ’ಯಲ್ಲಿ ನಿಂತರೆ ನಪುಂಸಕ (ಅಕ್ನೋ, ಕಿಟಕಿ). ಅಪ್ಪನಿಗೆ ‘ಪಾಪ’ ಎನ್ನುತ್ತಾರೆ, ಕೊನೆ ‘ಅ’ ಆದರೂ ಪುಲ್ಲಿಂಗ, ಅದು ಸಹಜ. ಮೃದು ಚಿಹ್ನೆಯಲ್ಲಿ (ಹಿಂದಿನ ವ್ಯಂಜನ ಮೃದು ಎಂದು ತೋರಿಸುವ ಗುರುತು) ಮುಗಿಯುವ ಪದಗಳು ಗಂಡೂ ಆಗಬಹುದು ಹೆಣ್ಣೂ ಆಗಬಹುದು, ಅವನ್ನು ಲಿಂಗದ ಸಮೇತ ಬರೆದಿಟ್ಟುಕೊಳ್ಳಬೇಕು.

ಭೂತಕಾಲದಲ್ಲಿ ಕ್ರಿಯಾಪದಕ್ಕೂ ಲಿಂಗ ಬರುತ್ತದೆ. ‘ಹೋದನು, ಹೋದಳು, ಹೋಯಿತು’ ಎನ್ನುವ ಕನ್ನಡದವರಿಗೆ ಇದು ಹೊಸದಲ್ಲ. ‘ಅವನ್ ಪೋಯಿ, ಅವಳ್ ಪೋಯಿ’ ಎನ್ನುವ ಮಲಯಾಳದ ಗೆಳೆಯರಿಗೆ ಹೊಸದು. ಆದರೆ ಒಂದು ಕಡೆ ನಾವೂ ಎಚ್ಚರ ಇರಬೇಕು. ‘ನಾನು ಬರೆದೆ’ ಎಂದು ಗಂಡಸರೂ ಹೆಂಗಸರೂ ಒಂದೇ ರೀತಿ ಹೇಳುತ್ತೇವೆ. ರಷ್ಯನ್ನಿನಲ್ಲಿ ಗಂಡಸು ‘ಯಾ ಪಿಸಾಲ್’ ಎನ್ನುತ್ತಾನೆ, ಹೆಂಗಸು ‘ಯಾ ಪಿಸಾಲ’ ಎನ್ನುತ್ತಾಳೆ. ಪುಸ್ತಕದ ಉದಾಹರಣೆ ಗಂಡಸಿನದಾಗಿದ್ದರೆ ಹೆಣ್ಣುಮಕ್ಕಳು ಅದನ್ನು ತಮ್ಮ ರೂಪಕ್ಕೆ ತಿದ್ದಿಕೊಂಡೇ ಓದಬೇಕು.

ದ್ವಿತೀಯೆಯಲ್ಲಿ ಕೆಲವು ಪದ ಬದಲಾಗುತ್ತದೆ, ಕೆಲವು ಬದಲಾಗುವುದಿಲ್ಲ. ಯಾಕೆ ಹೀಗೆ? ಅಂತ ಮಗ ಕೇಳಿದ, ನನಗೂ ಗೊತ್ತಿಲ್ಲ.

ನಾವೂ ಹೀಗೇ ಮಾಡುತ್ತೇವೆ ಎಂದು ಮಗನಿಗೆ ತೋರಿಸಿ. ‘ಮೇಜು ನೋಡಿದೆ’ ಎನ್ನಬಹುದು, ‘ಅನ್ನು’ ಬಿಟ್ಟರೂ ನಡೆಯುತ್ತದೆ. ‘ಹುಡುಗ ನೋಡಿದೆ’ ಎನ್ನಲು ಆಗುವುದಿಲ್ಲ, ‘ಹುಡುಗನನ್ನು’ ಎನ್ನಲೇಬೇಕು. ರಷ್ಯನ್ ಪುಲ್ಲಿಂಗದಲ್ಲೂ ಜೀವವಿಲ್ಲದ್ದು ಹಾಗೇ ಉಳಿಯುತ್ತದೆ: ವೀಝು ಸ್ತೋಲ್, ಮೇಜು ಕಾಣುತ್ತಿದೆ. ಜೀವ ಇರುವುದು ಷಷ್ಠಿಯ ರೂಪ ತಾಳುತ್ತದೆ: ವೀಝು ಸ್ತುದ್ಯೇಂತ. ಅಲ್ಲಿ ಪ್ರಾಣಿಗಳೂ ಜೀವ ಇರುವವುಗಳ ಲೆಕ್ಕಕ್ಕೆ ಸೇರುತ್ತವೆ. ಸ್ತ್ರೀಲಿಂಗದ ಏಕವಚನದಲ್ಲಿ ಈ ಭೇದ ಇಲ್ಲ, ‘ಅ’ ಎಲ್ಲ ಕಡೆ ‘ಉ’ ಆಗುತ್ತದೆ.

ಸಂಸ್ಕೃತ ಕಲಿತವರಿಗೆ ರಷ್ಯನ್ ಸುಲಭ ಅಂತಾರೆ, ಹೌದಾ?

ಸ್ವಲ್ಪ ಹೌದು. ಎರಡೂ ಒಂದೇ ಇಂಡೋ-ಯುರೋಪಿಯನ್ ಕುಟುಂಬದವು. ದ್ವ್ಯೇರ್ಯ್ ಮತ್ತು ದ್ವಾರ, ಬ್ರಾತ್ ಮತ್ತು ಭ್ರಾತೃ, ಅಗೋನ್ಯ್ ಮತ್ತು ಅಗ್ನಿ, ನ್ಯೇಬ ಮತ್ತು ನಭ, ನೋವಿಯ್ ಮತ್ತು ನವ, ಝಿವೋಯ್ ಮತ್ತು ಜೀವ, ಇವುಗಳ ನೆಂಟಸ್ತಿಕೆ ನಿಜವಾದದ್ದು. ಪದಗಳಿಗಿಂತ ಹೆಚ್ಚು ಸಹಾಯ ಆಗುವುದು ಅಭ್ಯಾಸ: ವಿಶೇಷಣ ನಾಮಪದದ ಲಿಂಗ, ವಚನ, ವಿಭಕ್ತಿ ಹಿಡಿದು ನಡೆಯುವುದು ಸಂಸ್ಕೃತದವರಿಗೆ ಗೊತ್ತು. ನೀರ್ಚಾಲು, ಪೆರಡಾಲದ ಕಡೆ ಹೈಸ್ಕೂಲಿನಲ್ಲಿ ಶಬ್ದರೂಪ ಉರು ಹೊಡೆದವರು ಆ ತಾಳ್ಮೆಯನ್ನೇ ಇಲ್ಲಿಗೂ ತರಬಹುದು. ಆದರೆ ಸದ್ದು ಹೋಲುತ್ತದೆಂದು ಸಿಕ್ಕ ಪದಕ್ಕೆಲ್ಲ ಸಂಸ್ಕೃತ ಮೂಲ ಕಟ್ಟುವುದು ಬೇಡ.

ಎರಡು, ಮೂರು, ನಾಲ್ಕಕ್ಕೆ ಒಂದು ರೂಪ, ಐದಕ್ಕೆ ಬೇರೆ. ನಿಜವಾ?

ನಿಜ. 1ರ ಜೊತೆ ಪ್ರಥಮೆ, 2ರಿಂದ 4ರ ಜೊತೆ ಷಷ್ಠಿ ಏಕವಚನ, 5ರಿಂದ 20ರ ವರೆಗೆ ಷಷ್ಠಿ ಬಹುವಚನ, 21ಕ್ಕೆ ಮತ್ತೆ ಮೊದಲಿಂದ: ಅದೀನ್ ರೂಬ್ಲ್ಯ್, ದ್ವಾ ರುಬ್ಲ್ಯಾ, ಪ್ಯಾತ್ಯ್ ರುಬ್ಲ್ಯೇಯ್. ಕೊಟ್ಟ ಹಣ, ಅಡಿಕೆಯ ತೂಕ, ಬಸ್ಸಿನ ಚಾರ್ಜು, ಎಣಿಸುವಾಗೆಲ್ಲ ರಷ್ಯನ್ನಿನಲ್ಲಿ ಎಣಿಸಿ.

## ಸ್ವಲ್ಪ ಮುಂದೆ ಹೋದವರಿಗೆ

ಪ್ರತಿ ಕ್ರಿಯಾಪದಕ್ಕೂ ಎರಡೆರಡು ರೂಪ ಕೊಟ್ಟಿದ್ದಾರೆ. ಯಾವುದನ್ನು ಯಾವಾಗ ಹಾಕುವುದು?

ಅರ್ಧ ಪುಸ್ತಕ ಓದಿದವರು ನಿಲ್ಲಿಸಿಬಿಡುವುದು ಇಲ್ಲಿ. ಓದುವುದಕ್ಕೆ ಚಿತಾತ್ಯ್ ಮತ್ತು ಪ್ರಚಿತಾತ್ಯ್ ಎರಡೂ ಇವೆ. ಮೊದಲನೆಯದು ಕೆಲಸ ನಡೆಯುವುದನ್ನು, ಪದೇ ಪದೇ ಆಗುವುದನ್ನು, ಅಥವಾ ಅಂಥ ಕೆಲಸ ಆಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಎರಡನೆಯದು ಕೆಲಸ ಮುಗಿದು ಫಲ ಕೈಗೆ ಬಂದದ್ದನ್ನು ಹೇಳುತ್ತದೆ. ‘ನಿನ್ನೆ ರಾತ್ರಿ ಓದುತ್ತಾ ಇದ್ದೆ’ ಮೊದಲನೆಯದು, ‘ಓದಿ ಮುಗಿಸಿದೆ’, ‘ಓದಿಬಿಟ್ಟೆ’ ಎರಡನೆಯದು. ನಮ್ಮ ‘ಬಿಡು’, ‘ಮುಗಿಸು’, ‘ಹಾಕು’ ಸಹಾಯಕ ಕ್ರಿಯಾಪದಗಳು ಇಲ್ಲಿ ದಾರಿ ತೋರಿಸುತ್ತವೆ. ಪೂರ್ತಿ ನಂಬಬೇಡಿ: ‘ಬಿಟ್ಟೆ’ ಎನ್ನುವಾಗ ನಮ್ಮ ಮಾತಿಗೆ ಕೆಲವೊಮ್ಮೆ ಪಶ್ಚಾತ್ತಾಪವೂ ಅಂಟಿಕೊಳ್ಳುತ್ತದೆ, ರಷ್ಯನ್ ರೂಪಕ್ಕೆ ಆ ಬಣ್ಣ ಇಲ್ಲ.

ಮುಗಿದುಹೋಗುವ ಕ್ರಿಯೆಗೆ ವರ್ತಮಾನ ಇರಲು ಸಾಧ್ಯವಿಲ್ಲ. ಆದ್ದರಿಂದ ಎರಡನೆಯ ರೂಪಕ್ಕೆ ವರ್ತಮಾನದ ಪ್ರತ್ಯಯ ಹಚ್ಚಿದರೆ ಅರ್ಥ ಭವಿಷ್ಯತ್ತು: ಪ್ರಚಿತಾಯು, ಓದಿ ಮುಗಿಸುತ್ತೇನೆ. ಆಜ್ಞೆಯಲ್ಲೂ ಇದು ಬರುತ್ತದೆ. ಒಮ್ಮೆ ಬಾಗಿಲು ತೆರೆ ಎನ್ನಲು ಮುಗಿಯುವ ರೂಪ (ಅತ್ಕ್ರೋಯ್), ತೆರೆಯಬೇಡ ಎನ್ನಲು ಸಾಮಾನ್ಯವಾಗಿ ನಡೆಯುವ ರೂಪ. ಬೀಳಬೇಡ ಎಂಬಂಥ ಎಚ್ಚರಿಕೆಯಲ್ಲಿ ಮಾತ್ರ ಮುಗಿಯುವ ರೂಪ ಬರುತ್ತದೆ.

ಜೋಡಿಯನ್ನು ಜೋಡಿಯಾಗಿಯೇ ಕಲಿಯಿರಿ. ಪಿಸಾತ್ಯ್, ನಪಿಸಾತ್ಯ್ ಹಾಗೆ ಹೋಲುವವು ಹೆಚ್ಚು, ಹೇಳುವುದಕ್ಕೆ ಗವರೀತ್ಯ್ ಮತ್ತು ಸ್ಕಜ಼ಾತ್ಯ್ ಎಂದು ಪೂರ್ತಿ ಬೇರೆಯಾದವೂ ಇವೆ.

ಹೋಗುವುದಕ್ಕೆ ನಾಲ್ಕು ಕ್ರಿಯಾಪದ ಯಾಕೆ?

ಎರಡು ಪ್ರಶ್ನೆ ಕೇಳಿಕೊಳ್ಳಿ: ನಡೆದುಕೊಂಡೋ, ವಾಹನದಲ್ಲೋ? ಈಗ ಒಂದೇ ದಿಕ್ಕಿಗೋ, ಹೋಗಿ ಬರುವುದೋ? ಸಂತೆಗೆ ನಡೆದು ಹೊರಟಿದ್ದೀರಿ: ಯಾ ಇದೂ ನ ಬಜ಼ಾರ್. ಬಸ್ಸಿನಲ್ಲಿ ಕೂತು ಮಂಗಳೂರಿಗೆ ಹೊರಟಿದ್ದೀರಿ: ಯಾ ಯೇದು ವ್ ಮಂಗಲೋರ್. ನಮ್ಮಲ್ಲಿ ಎಷ್ಟೋ ಮಂದಿ ಮಾಡುವ ಹಾಗೆ ದಿನಾ ಮಂಗಳೂರಿಗೆ ಹೋಗಿ ಬರುತ್ತೀರಿ: ಯಾ ಯೇಝ್ಝು ವ್ ಮಂಗಲೋರ್ ಕಾಝ್ದಿಯ್ ದ್ಯೇನ್ಯ್. ಇಂಗ್ಲಿಷಿನ ‘ಗೋ’ ಹಿಡಿದು ಹೊರಟರೆ ಈ ಭೇದ ಯಾವುದೂ ಕಾಣುವುದಿಲ್ಲ. ‘ಹೋಗ್ತಾ ಇದ್ದೇನೆ’, ‘ಹೋಗಿ ಬರ್ತೇನೆ’ ಎಂಬ ನಮ್ಮ ಮಾತಿನಿಂದ ಶುರು ಮಾಡಿದರೆ ಅರ್ಧ ಬಿಡಿಸಿದಂತೆ. ಒಂದು ಸ್ವಾರಸ್ಯ: ನಾವು ರೈಲಿನಲ್ಲಿ ಹೋಗುವುದಕ್ಕೆ ವಾಹನದ ಕ್ರಿಯಾಪದ, ರೈಲು ತಾನೇ ಹೋಗುವುದಕ್ಕೆ ಮಾತ್ರ ನಡೆಯುವ ಕ್ರಿಯಾಪದ.

ಉಪಸರ್ಗಗಳ ಪಾಠ ಇದರ ನಂತರ ಬರುತ್ತದೆ: ‘ಪ್ರಿ’ ಬಂದು ಸೇರುವುದಕ್ಕೆ, ‘ಉ’ ಹೊರಟುಹೋಗುವುದಕ್ಕೆ, ‘ಪಿರಿ’ ದಾಟುವುದಕ್ಕೆ. ಮೊದಲ ನಾಲ್ಕು ಗಟ್ಟಿಯಾಗದೆ ಅಲ್ಲಿಗೆ ಹೋಗಬೇಡಿ.

ಯಾವಾಗ ನಿಜವಾದ ಪುಸ್ತಕ ಓದಬಹುದು?

ಆರೂ ವಿಭಕ್ತಿಯ ಏಕವಚನ ಮತ್ತು ಭೂತಕಾಲ ಬಂದ ಕೂಡಲೇ ಸಣ್ಣದು ಶುರು ಮಾಡಿ. ಟಾಲ್‌ಸ್ಟಾಯ್ ಯಾಸ್ನಯ ಪಲ್ಯಾನದಲ್ಲಿ 1859ರಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದವನು, ಆಮೇಲೆ ಮಕ್ಕಳಿಗೆಂದೇ ಪುಟ್ಟ ಪುಟ್ಟ ಕಥೆ ಬರೆದ. ಚಿಕ್ಕ ವಾಕ್ಯ, ದಿನಬಳಕೆಯ ಪದ, ಸ್ವಚ್ಛ ಗದ್ಯ. ದೊಡ್ಡ ಕಾದಂಬರಿಯ ಆಸೆ ಇರುವ ಮಾಷ್ಟ್ರುಗಳಿಗೂ ನಾನು ಮೊದಲು ಇದನ್ನೇ ಹೇಳುವುದು. ಆಮೇಲೆ ಚೆಖೋವ್‌ನ ಆರಂಭದ ಸಣ್ಣ ಕಥೆಗಳು. ಒಂದು ಪುಟಕ್ಕೆ ಎಲ್ಲ ಪದವನ್ನೂ ನಿಘಂಟಿನಲ್ಲಿ ನೋಡಿ, ಮುಂದಿನ ಪುಟವನ್ನು ನಿಘಂಟಿಲ್ಲದೆ ಓದಿ. ಪದಗಳ ಕ್ರಮ ಗಮನಿಸಿ: ವಿಭಕ್ತಿ ಇರುವುದರಿಂದ ಪದಗಳು ಸ್ಥಳ ಬದಲಿಸುತ್ತವೆ, ಹೊಸ ಸುದ್ದಿ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ.

ಅರ್ಧಕ್ಕೆ ಬಿಟ್ಟು ವರ್ಷವಾಯಿತು. ಮತ್ತೆ ಒಂದನೇ ಪಾಠದಿಂದಲೇ ಶುರು ಮಾಡಲಾ?

ಬೇಡ. ಒಂದನೇ ಪಾಠ ಗೊತ್ತಿರುವಂತೆ ಅನಿಸುತ್ತದೆ, ಬೇಸರ ಬರುತ್ತದೆ, ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತೀರಿ. ಪಾಠಗಳ ಕೊನೆಯ ಅಭ್ಯಾಸವನ್ನು ಮಾತ್ರ ಮೊದಲಿನಿಂದ ಮಾಡುತ್ತ ಬನ್ನಿ, ಉತ್ತರದ ಪುಟ ನೋಡಿ ತಿದ್ದಿಕೊಳ್ಳಿ. ಯಾವ ಪಾಠದಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಾಯಿತೋ ಅದರ ಹಿಂದಿನ ಪಾಠದಿಂದ ಓದು ಶುರು ಮಾಡಿ. ಹೆಚ್ಚಿನವರಿಗೆ ಅದು ಷಷ್ಠಿ ಬಹುವಚನದ ಪಾಠ. ಅದಕ್ಕೆ ಒಂದು ವಾರ ಹೆಚ್ಚು ಕೊಡಿ.